ಚಂದಾ ಅಕ್ಕೋರು ಕೊಂಡ ಮಚವೆ

ನಾನ್ನೂರ ಐವತ್ತು ರೂಪಾಯಿ. ಹೊನ್ನಾವರದ ಎದುರು ದಡದ ಕಾಸರಕೋಡಿನ ಮರಳಿನ ಮೇಲೆ ಮಗ್ಗುಲಾಗಿ ಮಲಗಿದ್ದ ಒಂದು ಹಳೆಯ ಮಚವೆಗೆ, ಸರಕಿನ ಹಾಯಿದೋಣಿಗೆ, ನಾನು ಹೇಳಿದ ಬೆಲೆ ಅದು. ಹೆಚ್ಚಾಯಿತು ಅನ್ನುವವರಿಗೆ ಲೆಕ್ಕ ಒಪ್ಪಿಸುತ್ತೇನೆ, ಕೇಳಿ. ಅಡಿಯ ಮರ ಒಂದೇ ತುಂಡಿನ ಸಾಗವಾನಿ, ಅದನ್ನು ಸೀಳಿದರೆ ಮನೆಗೆ ಎರಡು ತೊಲೆ. ಪಕ್ಕದ ಹಲಗೆಗಳು ವರ್ಷಗಟ್ಟಲೆ ಉಪ್ಪುನೀರು ಕುಡಿದು ಗಟ್ಟಿಯಾದವು, ಗೆದ್ದಲು ಮುಟ್ಟದಂಥವು. ಅವು ಬಾಗಿಲಿಗೆ ಬೇಕೆಂದು ಕುಮಟೆಯಲ್ಲಿ ಮನೆ ಕಟ್ಟಿಸುತ್ತಿದ್ದವರೊಬ್ಬರು ಆಗಲೇ ಮಾತು ಕೊಟ್ಟಿದ್ದರು. ತಾಮ್ರದ ಮೊಳೆಗಳನ್ನು ಕಿತ್ತು ತೂಗಿದರೆ ಅದೇ ಒಂದು ಬಾಬತ್ತು. ಇಷ್ಟೆಲ್ಲ ಕೂಡಿಸಿ, ಒಡೆಯುವವರ ಕೂಲಿ ಕಳೆದು, ನನ್ನ ಹೊಟ್ಟೆಗೆ ಇಷ್ಟು ಎಂದು ಇಟ್ಟುಕೊಂಡು ಹೇಳಿದ ಬೆಲೆ. ನಾನು ಕೊಂಡದ್ದು ಎಷ್ಟಕ್ಕೆ ಎಂದು ಕೇಳಬೇಡಿ. ಅದನ್ನು ಹೇಳುವ ವ್ಯಾಪಾರಿ ಬಹಳ ದಿನ ಅಂಗಡಿ ಇಟ್ಟುಕೊಳ್ಳುವುದಿಲ್ಲ.

ಆ ಬೆಲೆಯನ್ನು ಚೌಕಾಶಿ ಮಾಡದೆ ಒಪ್ಪಿಕೊಂಡ ಹೆಂಗಸು ಕಳೆದ ತಿಂಗಳು ತೀರಿಕೊಂಡರು. ಹೊನ್ನಾವರದಲ್ಲಿ ಅವರನ್ನು ಎಲ್ಲರೂ ಚಂದಾ ಅಕ್ಕೋರು ಎಂದೇ ಕರೆಯುತ್ತಿದ್ದರು. ನಮ್ಮ ಕಡೆ ಶಾಲೆ ಕಲಿಸುವ ಹೆಂಗಸರಿಗೆ ಅಕ್ಕೋರು ಎನ್ನುವುದು ರೂಢಿ. ಇವರು ಹೆಣ್ಣುಮಕ್ಕಳ ಶಾಲೆಯಲ್ಲಿ ಕಲಿಸಿ ನಿವೃತ್ತರಾದವರು. ನಿವೃತ್ತಿಯಾದ ಮೇಲೆ ಮಾಡಿದ ಕೆಲಸದಿಂದ ಹೆಸರಿನ ಮುಂದೆ ಚಂದಾ ಸೇರಿಕೊಂಡಿತು. ನಾನು ಹಳೆ ಮರ, ಹಳೆ ಹೆಂಚು, ಹಳೆ ಕಬ್ಬಿಣದ ವ್ಯಾಪಾರ ಮಾಡಿ ಮೇಲೆ ಬಂದವನು. ತಲೆಯ ಮೇಲೆ ತೆಂಗಿನ ನಾರಿನ ಹೊರೆ ಹೊತ್ತು ಶುರುಮಾಡಿ, ಬಂದರದ ರಸ್ತೆಯಲ್ಲಿ ಮಾಲಿನ ದಾಸ್ತಾನಿಗೆ ಎರಡು ವಖಾರಿ ಕಟ್ಟಿಸಿದವನು. ಕೊಡುವುದು, ತಗೊಳ್ಳುವುದು, ಕೇಳುವುದು ಈ ಮೂರರಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ ಎಂಬ ಧೈರ್ಯ ನನಗೆ ಮೊದಲಿನಿಂದಲೂ ಇದೆ, ಈಗಲೂ ಇದೆ. ಕೇಳುವ ವಿಷಯದಲ್ಲಿ ಮಾತ್ರ ಅವರೊಬ್ಬರನ್ನು ಹೊರತುಪಡಿಸಿ ಹೇಳುತ್ತಿದ್ದೇನೆ.

ಇದು ನಡೆದಾಗ ನಮ್ಮ ಜಿಲ್ಲೆ ಮುಂಬೈ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿ ಕೆಲವು ವರ್ಷ ಕಳೆದಿತ್ತು. ನಯಾ ಪೈಸೆ ಬಂದಿದ್ದರೂ ಮುದುಕರು ಆಣೆಯಲ್ಲೇ ಮಾತಾಡುತ್ತಿದ್ದರು. ಹೊನ್ನಾವರದ ಬಂದರದ ಹತ್ತಿರ ಖಾಲಿ ಬಿದ್ದ ಉಪ್ಪಿನ ಗೋದಾಮೊಂದನ್ನು ಬಾಡಿಗೆಗೆ ಹಿಡಿದು ಊರಿನ ನಾಲ್ಕು ದೊಡ್ಡವರು ಮ್ಯೂಸಿಯಂ ಎಂದು ಶುರುಮಾಡಿದ್ದರು. ಬಾಗಿಲ ಮೇಲೆ ವಸ್ತು ಸಂಗ್ರಹಾಲಯ ಎಂಬ ಹಲಗೆ. ಒಳಗೆ ಒಂದು ಮುರಿದ ವೀರಗಲ್ಲು, ಉಪ್ಪಿನ ಆಗರದ ಮರದ ಸಲಿಕೆಗಳು, ಗಂಧದ ಕೆತ್ತನೆಯ ಪೆಟ್ಟಿಗೆ, ಹಳೆಯ ಲಂಗರು, ಹೀಗೆ. ಸರ್ಕಾರದ ಅನುದಾನಕ್ಕೆ ಅರ್ಜಿ ಬರೆಯಲು ಕಮಿಟಿಯಲ್ಲಿ ಒಬ್ಬ ವಕೀಲರಿದ್ದರು. ಒಬ್ಬೊಬ್ಬರ ಮನೆಗೆ ಹೋಗಿ ಚಂದಾ ತರುವ ಕೆಲಸಕ್ಕೆ ಅಕ್ಕೋರನ್ನು ಇಟ್ಟುಕೊಂಡಿದ್ದರು. ಸಣ್ಣ ಸಂಬಳ, ಬಸ್ಸಿನ ಖರ್ಚು. ವಕೀಲರ ಅರ್ಜಿಗೆ ಧಾರವಾಡದಿಂದ, ಬೆಂಗಳೂರಿನಿಂದ ಉತ್ತರ ಬರುತ್ತಿತ್ತು, ಹಣ ಬರುತ್ತಿರಲಿಲ್ಲ. ಗೋದಾಮಿನ ಬಾಡಿಗೆ ತೀರುತ್ತಿದ್ದದ್ದು ಅಕ್ಕೋರ ಕಾಲಿನ ಬಲದಿಂದ.

ಅವರು ಕುಳ್ಳಗೆ, ಗಟ್ಟಿಮುಟ್ಟಾಗಿದ್ದರು. ನಡೆಯುವಾಗ ಸೀರೆಯ ನೆರಿಗೆಯನ್ನು ಎಡಗೈಯಲ್ಲಿ ಸ್ವಲ್ಪ ಎತ್ತಿಕೊಂಡು, ಮರಳಾದರೂ ಡಾಂಬರಾದರೂ ಒಂದೇ ವೇಗದಲ್ಲಿ ನಡೆಯುತ್ತಿದ್ದರು. ಕೈಯಲ್ಲಿ ಮಡಿಸಿದ ಕೊಡೆ. ಬಿಸಿಲಿಗೆ ಬಿಡಿಸಿದ್ದನ್ನು ನಾನು ನೋಡಲಿಲ್ಲ. ಕೇಳಿದರೆ, “ಇದು ಬಿಸಿಲಿಗಲ್ಲ, ನಾಯಿಗೆ” ಎನ್ನುತ್ತಿದ್ದರು. ಮನೆಮನೆ ತಿರುಗುವವರಿಗೆ ಅದರ ಬೆಲೆ ಗೊತ್ತು.

ಮಚವೆಯ ವಿಷಯಕ್ಕೆ ಬರುತ್ತೇನೆ. ಹಾಯಿ ಕಟ್ಟಿಕೊಂಡು ನಮ್ಮ ಹೆಂಚು, ಕಟ್ಟಿಗೆ, ತೆಂಗಿನಕಾಯಿಯನ್ನು ಮುಂಬೈವರೆಗೆ ಹೊತ್ತ ಸರಕಿನ ದೋಣಿಗಳು ಇವು. ಲಾರಿ ಬಂದ ಮೇಲೆ ಬಾಡಿಗೆ ಸಿಗದೆ ಒಂದೊಂದಾಗಿ ಒಡೆಸಿಕೊಂಡವು. ಕೆಲವನ್ನು ನಾನೇ ಒಡೆಸಿದ್ದೇನೆ. ಇದು ನಮ್ಮ ಹೊಳೆಬಾಯಿಯಲ್ಲಿ ಉಳಿದಿದ್ದ ಕೊನೆಯದು. ಮಾಲಕ ತೀರಿಕೊಂಡಿದ್ದ, ಮಕ್ಕಳಿಗೆ ಅದು ಬೇಡವಾಗಿತ್ತು. ಕೊಂಡ ಮರುದಿನ ಮಧ್ಯಾಹ್ನ ನಾನು ಅದರ ಹೊಟ್ಟೆಯ ಕೆಳಗೆ ಬಗ್ಗಿ ಹಲಗೆ ತಟ್ಟಿ ನೋಡುತ್ತಿದ್ದಾಗ ಹಿಂದಿನಿಂದ ಕೊಡೆಯ ತುದಿ ನನ್ನ ಬೆನ್ನಿಗೆ ತಾಗಿತು.

“ಇದು ನಿಮ್ದೇ, ಸಾವ್ಕಾರ್ರೆ?”

“ನಿನ್ನೆಯಿಂದ ನಂದು, ಅಕ್ಕೋರೆ.”

“ಎಂತ ಮಾಡ್ತ್ರಿ ಇದನ್ನ?”

“ಎಂತ ಮಾಡೂದು? ಒಡೀತೆ.”

“ಒಡೀದೆ ಕೊಟ್ರೆ ಬೆಲೆ ಎಷ್ಟು?”

ನಾನ್ನೂರ ಐವತ್ತು ಎಂದೆ. ಇನ್ನೂರು ಎನ್ನುತ್ತಾರೆ, ನಾನು ನಗುತ್ತೇನೆ, ಅವರು ಕಮಿಟಿಯ ಬಡತನ ಹೇಳುತ್ತಾರೆ, ನಾನು ಮಕ್ಕಳ ಶಾಲೆ ಫೀ ಹೇಳುತ್ತೇನೆ, ಕೊನೆಗೆ ಮುನ್ನೂರ ಎಂಬತ್ತಕ್ಕೆ ಮುಗಿಯುತ್ತದೆ ಎಂದು ಮನಸ್ಸಿನಲ್ಲೇ ದಾರಿ ಹಾಕಿಕೊಂಡಿದ್ದೆ.

“ಆತು” ಎಂದರು.

ವ್ಯಾಪಾರಿಯಾದವನಿಗೆ ಇದಕ್ಕಿಂತ ದೊಡ್ಡ ಅವಮಾನವಿಲ್ಲ. ಇನ್ನೂ ಜಾಸ್ತಿ ಹೇಳಬೇಕಿತ್ತೇನೋ ಎಂಬ ಸಂಶಯ ಬೇರೆ. ನಾನೇ ಕೇಳಿದೆ, “ಅಲ್ಲ ಅಕ್ಕೋರೆ, ಕಮ್ಮಿ ಮಾಡಿ ಅಂತಾದ್ರೂ ಒಂದು ಮಾತು ಹೇಳ್ಬಾರ್ದೇ?”

“ಎಂತಕ್ಕೆ? ನೀವು ಐವತ್ತು ಬಿಟ್ರೆ, ಮ್ಯೂಸಿಯಮ್ಮಿಗೆ ಐವತ್ತು ಕೊಟ್ಟೆ ಅಂದೇಳಿ ಬಂದರದ ತುಂಬ ಸಾರ್ತ್ರಿ. ಬೆಲೆ ಬೇರೆ, ಚಂದಾ ಬೇರೆ. ನಿಮ್ಮ ಬೆಲೆ ನಾ ಪೂರ್ತಿ ಕೊಡ್ತೆ. ನಿಮ್ಮ ಚಂದಾ ಆಮೇಲೆ ಪೂರ್ತಿ ಕೇಳ್ತೆ.”

ಅವರ ಕೈಯಲ್ಲಿ ಆಗ ಒಂದು ರೂಪಾಯಿಯೂ ಇರಲಿಲ್ಲ ಎನ್ನುವುದು ನನಗೆ ತಿಳಿದಿತ್ತು. ಹಾಗಾಗಿ ಗಡುವು ಹಾಕಿದೆ. ರೋಹಿಣಿ ಮಳೆ ಹನಿ ಹಾಕುವ ಮೊದಲು ಪೂರ್ತಿ ಹಣ ಬಂದರೆ ಮಚವೆ ಮ್ಯೂಸಿಯಮ್ಮಿನದು. ಇಲ್ಲದಿದ್ದರೆ ಗರಗಸ ಹಿಡಿದು ಜನ ಬರುತ್ತಾರೆ. ಮಳೆ ಹಿಡಿದರೆ ಹೊಳೆ ಉಕ್ಕಿ ಅದನ್ನು ಯಾರಿಗೂ ಇಲ್ಲದ ಹಾಗೆ ಸಮುದ್ರಕ್ಕೆ ಒಯ್ಯುತ್ತಿತ್ತು, ಆದ್ದರಿಂದ ಇದು ಬರೀ ಬೆದರಿಕೆಯಲ್ಲ. ಇನ್ನೊಂದು ಮಾತನ್ನೂ ಬಿಡಿಸಿ ಹೇಳಿದೆ. ಬೆಲೆ ಇದ್ದಲ್ಲಿ ಇದ್ದ ಹಾಗೆ. ಸಾಗಿಸುವುದು ನನ್ನ ತಲೆನೋವಲ್ಲ.

ಎಲ್ಲದಕ್ಕೂ ಆತು ಎಂದು, ಮಚವೆಯ ಅಂಚಿಗೆ ಇನ್ನೂ ತೂಗುತ್ತಿದ್ದ ಒಂದು ಕಪ್ಪಿಯನ್ನು, ಹಾಯಿಯ ಹಗ್ಗ ಓಡುತ್ತಿದ್ದ ಮರದ ರಾಟೆಯನ್ನು, ಬಿಚ್ಚಿ ಚೀಲಕ್ಕೆ ಹಾಕಿಕೊಂಡರು.

“ಅದು ನನ್ನ ಮಾಲು ಅಕ್ಕೋರೆ!”

“ಬಾಡಿಗೆ ಹಿಡ್ಕಳಿ” ಎಂದು ನಡೆದೇಬಿಟ್ಟರು.

ಗಡುವು ಕೊಟ್ಟ ಮೇಲೆ ಹಣ ಎಲ್ಲಿಂದ ಬರುತ್ತದೆ ಎಂದು ನೋಡಿಕೊಳ್ಳುವುದು ನನ್ನ ಪದ್ಧತಿ. ನನಗೂ ಭಟ್ಕಳ, ಕುಮಟೆಯಲ್ಲಿ ಹಳೆ ಮನೆಗಳ ಮರ ನೋಡುವ ಕೆಲಸವಿತ್ತು. ಅಕ್ಕೋರು ಹತ್ತಿದ ಬಸ್ಸನ್ನೇ ಹತ್ತಿದೆ. ಅವರು ತಮ್ಮ ಟಿಕೆಟು ತಾವು ತೆಗೆದುಕೊಂಡು, ನನ್ನದನ್ನು ನಾನೇ ತೆಗೆದುಕೊಳ್ಳುತ್ತೇನೋ ಇಲ್ಲವೋ ಎಂದು ಕಣ್ಣಿಟ್ಟು ನೋಡಿದರು.

ಭಟ್ಕಳದ ನವಾಯತ ಮುಸಲ್ಮಾನರ ಮನೆಗಳಲ್ಲಿ ಗಂಡಸರು ಹೆಚ್ಚಿನವರು ಮುಂಬೈ, ಮದ್ರಾಸು, ಕೊಲಂಬೊ ಎಂದು ವ್ಯಾಪಾರಕ್ಕೆ ಹೋದವರು. ಕೊಡುವ ಬಿಡುವ ಮಾತು ಮನೆಯ ಹಿರಿಯ ಹೆಂಗಸಿನದು. ಕಮಿಟಿಯ ಗಂಡಸರು ಅಲ್ಲಿ ಜಗಲಿಯಿಂದ ಮುಂದೆ ಹೋಗುವಂತಿರಲಿಲ್ಲ, ಜಗಲಿಯಲ್ಲಿ ಕೂತು ಷರಬತ್ತು ಕುಡಿದು ಬರುತ್ತಿದ್ದರು. ಅಕ್ಕೋರು ಚಪ್ಪಲಿ ಬಿಟ್ಟು ನೇರ ಒಳಗೆ. ನಾನು ಪರದೆಯ ಹೊರಗೆ ಕೂತು ಕಿವಿಗೊಟ್ಟೆ. ಒಳಗೆ ಆ ಮನೆಯ ದೊಡ್ಡ ಬೀಬಿ ನವಾಯತಿಯಲ್ಲಿ ಮಾತಾಡಿದರೆ ಇವರು ಕೊಂಕಣಿಯಲ್ಲಿ ಉತ್ತರ ಕೊಡುತ್ತಿದ್ದರು. ಎರಡೂ ಅಕ್ಕತಂಗಿಯರಂಥ ಭಾಷೆ, ನನಗೂ ಮುಕ್ಕಾಲು ಪಾಲು ತಿಳಿಯಿತು.

ಅಕ್ಕೋರು ಮೊದಲು ಮಚವೆಯ ಸುದ್ದಿಯನ್ನೇ ಎತ್ತಲಿಲ್ಲ. ಕಪ್ಪಿಯನ್ನು ಬೀಬಿಯ ಕೈಗೆ ಕೊಟ್ಟು ಸುಮ್ಮನಾದರು. ಬಹಳ ಹೊತ್ತು ಒಳಗೆ ಸದ್ದಿಲ್ಲ. ನನಗೆ ಈ ಸದ್ದಿಲ್ಲದಿರುವುದರ ಬೆಲೆ ಗೊತ್ತು. ಬೆಲೆ ಹೇಳಿದ ಮೇಲೆ ಮೊದಲು ಬಾಯಿ ತೆಗೆದವನು ಸೋತ. ಇವರು ಬೆಲೆ ಹೇಳುವ ಮೊದಲೇ ಅದನ್ನು ಬಳಸುತ್ತಿದ್ದರು. ಕೊನೆಗೆ ಬೀಬಿಯೇ ಶುರುಮಾಡಿದರು. ತನ್ನ ಮಾವ ಇಂಥ ಮಚವೆಯಲ್ಲಿ ಬಟ್ಟೆಯ ಗಂಟು ತರುತ್ತಿದ್ದದ್ದು, ಮದುವೆಯಾದ ಹೊಸತರಲ್ಲಿ ತಾನು ಮಾಡಿನ ಹೆಂಚಿನ ಸಂದಿಯಿಂದ ಹಾಯಿ ಕಾಣುತ್ತದೋ ಎಂದು ನೋಡುತ್ತಿದ್ದದ್ದು. ಹೇಳಿ ಮುಗಿಸಿ ಹತ್ತು ರೂಪಾಯಿ ಮುಂದಿಟ್ಟರು.

“ಇವತ್ತು ಬೇಡ ಬೀಬಿ. ಮುಂದಿನ ವಾರ ಬರ್ತೇನೆ. ಆಗ ಮೂವತ್ತು ಕೇಳ್ತೇನೆ. ಕೊಡೂಕೆ ಆಗ್ತದೋ ಇಲ್ವೋ, ವಿಚಾರ ಮಾಡಿ ಇಡಿ.”

ಪರದೆಯ ಹೊರಗೆ ನನಗೆ ಷರಬತ್ತು ನೆತ್ತಿಗೇರಿತು. ಬಸ್ಸಿನ ದಾರಿಯಲ್ಲಿ ಕೇಳಿಯೇ ಕೇಳಿದೆ, “ಕೈಗೆ ಬಂದ ಹತ್ತು ಬಿಟ್ಟು ಬಂದ್ರಲ್ಲ! ಮುಂದಿನ ವಾರ ಬೀಬಿಯ ಮನಸ್ಸು ತಿರುಗಿದ್ರೆ?”

“ಮೊದಲ ದಿನ ಕೊಡೂದು ನನ್ನ ಸಾಗಹಾಕೂಕೆ, ಸಾವ್ಕಾರ್ರೆ. ಎರಡನೇ ದಿನ ಕೊಡೂದು ಮಚವೆಗೆ. ನೀವು ಒಡೆಯೂ ಜನ, ನಿಮ್ಗೆ ಒಂದೇ ಸಲ ಸಾಕು.”

ಮುಂದಿನ ವಾರ ಬೀಬಿ ಮೂವತ್ತು ಕೊಟ್ಟರು. ಆಗ ಅಕ್ಕೋರು ಕೊನೆಯ ಷರತ್ತು ಹೇಳಿದರು. ಈ ಷರತ್ತನ್ನು ಅವರು ಎಲ್ಲ ಮನೆಯಲ್ಲೂ, ಹಣ ಕೈಗೆ ಬಂದ ಮೇಲೆ, ಚೀಲಕ್ಕೆ ಹಾಕುವ ಮೊದಲು ಹೇಳುತ್ತಿದ್ದರು. ಮಚವೆ ಎಳೆಯುವ ದಿನ ಮನೆಯಿಂದ ಒಬ್ಬರಾದರೂ ಬಂದು ಹಗ್ಗಕ್ಕೆ ಕೈ ಹಚ್ಚಬೇಕು. ಬರುವುದಿಲ್ಲವಾದರೆ ಈಗಲೇ ಹೇಳಿ, ಹಣ ಇಲ್ಲೇ ಇಟ್ಟು ಹೋಗುತ್ತೇನೆ. ಹೀಗೆಂದು ನೋಟನ್ನು ಅಂಗೈಯಲ್ಲಿ ಹಾಗೇ ಹಿಡಿದು ನಿಲ್ಲುತ್ತಿದ್ದರು. ಚಂದಾ ಎತ್ತುವವರು ಕೊಟ್ಟವರಿಗೆ ಷರತ್ತು ಹಾಕುವುದನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ.

ಅವರ ಪದ್ಧತಿಗಳೆಲ್ಲ ಲಾಭದವೇ ಎಂದು ತಿಳಿಯಬೇಡಿ. ಹೊನ್ನಾವರದ ಮೇಲಿನ ಒಂದು ತೋಟದ ಮನೆಯಲ್ಲಿ ಯಜಮಾನರು ಹದಿನೈದು ರೂಪಾಯಿ ತೆಗೆದು ಕೊಟ್ಟೇಬಿಟ್ಟಿದ್ದರು, ಅದೂ ಎರಡನೆಯ ಸಲದ ಭೇಟಿಯಲ್ಲಿ. ಅಕ್ಕೋರು ಮುಟ್ಟಲಿಲ್ಲ. “ಒಳಗೆ ಒಂದು ಮಾತು ಕೇಳಿ ಬನ್ನಿ ಭಟ್ರೆ” ಎಂದರು. ಹೆಂಡತಿಯನ್ನು ಕೇಳಲು ಅವರು ಒಳಗೆ ಹೋಗಬೇಕಾಗಲಿಲ್ಲ, ಆಕೆಯೇ ಹಿಟ್ಟಿನ ಕೈಯಲ್ಲಿ ಹೊರಗೆ ಬಂದರು.

“ಎಂತದು? ಹಳೇ ದೋಣಿಗೆ ಹದ್ನೈದು ರೂಪಾಯ್ಯ? ಇಲ್ಲಿ ಕೊಟ್ಟಿಗೆ ಮಾಡು ಸೋರ್ತಾ ಇದ್ದು. ಅದಕ್ಕೆ ಕೇಳಿರೆ ದುಡ್ಡು ಇಲ್ಲೆ!”

ಯಜಮಾನರು ಕಂಬ ನೋಡಿದರು. ಅಕ್ಕೋರು ಆ ತಾಯಿಯ ಹಿಟ್ಟಿನ ಕೈಗೇ ಕಪ್ಪಿ ಕೊಟ್ಟರು. ಆಕೆ ತಿರುಗಿಸಿ ನೋಡಿ, ಬಾವಿಗೆ ಇಂಥದ್ದೇ ಒಂದು ಬೇಕಿತ್ತು ಎಂದರು. ನಕ್ಕರು. ಕೊನೆಗೆ ತಮ್ಮ ಡಬ್ಬಿಯಿಂದ ಐದು ರೂಪಾಯಿ ತಂದರು. “ಎಳೆಯ ದಿನ ಆನೂ ಬತ್ತೆ. ಎಂತಾ ದೋಣಿ ಹೇಳಿ ನೋಡವು” ಎಂದು ತಾವೂ ಬರುವುದಾಗಿ ಹೇಳಿದರು.

ಗುಡ್ಡ ಇಳಿಯುವಾಗ ನಾನು, “ಹತ್ತು ರೂಪಾಯಿ ಲುಕ್ಸಾನು” ಎಂದೆ.

“ಆ ಹದಿನೈದು ತಂದಿದ್ರೆ ಇವತ್ತು ಆ ಮನೇಲಿ ಜಗಳ. ಮುಂದಿನ ವರ್ಷ ನಾ ಗೇಟಿಗೆ ಬಂದ ಕೂಡ್ಲೆ ಭಟ್ರು ಹಿತ್ತಲಿಗೆ ಓಡ್ತ್ರು. ನಂಗೆ ಮುಂದಿನ ವರ್ಷವೂ ಬರೂದದೆ.”

ಹೊಳೆಯ ನಡುವಿನ ಮಾವಿನಕುರ್ವೆಯಲ್ಲಿ ಆ ಮಚವೆಯನ್ನು ನಡೆಸಿದ್ದ ಮುದಿ ತಾಂಡೇಲನಿದ್ದ. ಸಮುದ್ರದಲ್ಲಿ ಅದರ ಯಜಮಾನ ಅವನೇ, ಮಾಲಕನಲ್ಲ. ಅವನು ಕಪ್ಪಿಯನ್ನು ಕೈಯಲ್ಲಿ ಹಿಡಿಯಲೂ ಇಲ್ಲ, ದೂರದಿಂದ ನೋಡಿ, “ಇದು ಬಲಗಡೆಯದು” ಎಂದ. ಅವನಿಗೆ ಅಕ್ಕೋರು ಹಾಕಿದ ಪಾಲು ಒಂದು ರೂಪಾಯಿ. ಅವನ ಓಣಿಯ ಮೀನು ಮಾರುವ ಹೆಂಗಸರಿಗೆ ನಾಲ್ಕು ನಾಲ್ಕಾಣೆ. ಇಷ್ಟು ಸಣ್ಣ ಹಣಕ್ಕೂ ಎರಡು ಸಲ ಹೋಗಿ, ಅದೇ ಷರತ್ತು ಹಾಕಿ, ಮೊತ್ತ ಹೆಸರಿಸಿಯೇ ಕೇಳಿದರು. “ಏನಾದ್ರೂ ಕೊಡಿ ಅಂದ್ರೆ ಅದು ಬೇಡೂದು. ಇಷ್ಟು ಬೇಕು ಅಂದ್ರೆ ಅವ್ರೂ ನಮ್ಮ ಸಂಗ್ತಿಗೆ ಕೆಲಸಕ್ಕೆ ಸೇರಿದ್ರು” ಎನ್ನುತ್ತಿದ್ದರು.

ಆದರೂ ಹಣ ಏರುವುದು ನಿಧಾನ, ಮೋಡ ಏರುವುದು ಬೇಗ. ಗಡುವು ಹತ್ತಿರ ಬಂದಾಗ ಇನ್ನೂ ನೂರರ ಮೇಲೆ ಕೊರತೆಯಿತ್ತು. ಕುಮಟೆಯ ಬಾಗಿಲಿನ ಗಿರಾಕಿ ಹಲಗೆ ಯಾವಾಗ ಎಂದು ನನಗೆ ಹೇಳಿಕಳಿಸುತ್ತಿದ್ದರು. ನಾನು ಸುಮ್ಮನೆ ಕೂರುವ ಜಾತಿಯವನಲ್ಲ. ಅದೇ ಕುಮಟೆಯಲ್ಲಿ ಅಕ್ಕಿ ಗಿರಣಿಯ ಮಾಲಕರೊಬ್ಬರು ನನ್ನ ಹಳೆಯ ಗಿರಾಕಿ. ಅವರಿಗೆ ವಿಷಯ ಕಿವಿಗೆ ಹಾಕಿದೆ. ಅವರು ಒಂದೇ ಮಾತಿನಲ್ಲಿ, ಪೂರ್ತಿ ಮಚವೆಯ ಹಣ ನಾನೇ ಕೊಡುತ್ತೇನೆ, ತಂದೆಯವರ ಹೆಸರು ಅದರ ಮೇಲೆ ಬರೆಸಲಿ, ಎಂದರು. ನಾನು ಅಕ್ಕೋರನ್ನು ಗೆದ್ದವನ ಹಾಗೆ ಕುಮಟೆಗೆ ಕರೆದುಕೊಂಡು ಹೋದೆ.

ಗಿರಣಿಯ ಕಚೇರಿಯಲ್ಲಿ ಚಹಾ ಬಂತು. ಮಾಲಕರು ನೋಟಿನ ಕಟ್ಟನ್ನು ಮೇಜಿನ ಮೇಲಿಟ್ಟು, “ತಗೊಳ್ಳಿ ಅಕ್ಕೋರೆ, ಇನ್ನು ಮನೆ ಮನೆ ತಿರುಗೂದು ಬೇಡ” ಎಂದರು.

ಅಕ್ಕೋರು ಚಹಾ ಪೂರ್ತಿ ಕುಡಿದರು. “ನಿಮ್ಮ ಪಾಲಿಗೆ ನಾ ಹಾಕಿದ್ದು ಇಪ್ಪತ್ತೈದು” ಎಂದರು.

“ಎಂತ?”

“ಇಪ್ಪತ್ತೈದು. ಮತ್ತೆ ಎಳೆಯೂ ದಿನ ನೀವು ಬರಬೇಕು.”

“ಇಪ್ಪತ್ತೈದು ರೂಪಾಯಿ ಕೊಡೂಕೆ ನಾ ಎಂತ ಗುಮಾಸ್ತನಾ? ಕೊಟ್ರೆ ಪೂರ್ತಿ ಕೊಡ್ತೆ. ಇಲ್ಲಾಂದ್ರೆ ಒಂದು ಪೈಸೆ ಇಲ್ಲ.”

“ಪೂರ್ತಿ ನೀವು ಕೊಟ್ರೆ ಅದು ನಿಮ್ಮ ತಂದೆಯ ಮಚವೆ ಆಗ್ತದೆ. ಮಾವಿನಕುರ್ವೆಯವ್ರ ನಾಲ್ಕಾಣೆ ನಾ ಎಲ್ಲಿ ಇಡ್ಲಿ?”

ಮಾಲಕರು ಕಟ್ಟನ್ನು ಮೇಜಿನ ಖಾನೆಗೆ ಹಾಕಿ ಬೀಗ ತಿರುಗಿಸಿದರು. ನಾನ್ನೂರ ಐವತ್ತು, ಎಳನೀರಿನಷ್ಟು ಸುಲಭವಾಗಿ ಗಂಟಲಿಗೆ ಬಂದದ್ದು, ಹಾಗೆ ಖಾನೆಯೊಳಗೆ ಹೋಯಿತು. ಅಂಗಳ ದಾಟುವಾಗ ನಾನು ನೇರವಾಗಿ ಹೇಳಿದೆ, “ಅಕ್ಕೋರೆ, ಇನ್ನು ನಾ ಕಾಯೂದಿಲ್ಲ. ಗಡುವು ಅಂದ್ರೆ ಗಡುವು. ಆ ದಿನಕ್ಕೆ ನನ್ನ ಗರಗಸ ಬರ್ತದೆ.”

“ಬರ್ಲಿ” ಎಂದರು. ದನಿ ಗಟ್ಟಿಯೇ ಇತ್ತು. ಆದರೆ ಆ ಒಂದು ಸಲ ಅವರ ನಡಿಗೆ ನಿಧಾನವಾದದ್ದನ್ನು ನಾನು ಗಮನಿಸಿದೆ.

ಗೇಟಿನ ಹತ್ತಿರ, ಗಿರಣಿಗೆ ಅಂಟಿಕೊಂಡ ಮನೆಯ ಅಡಿಗೆಯ ಕಡೆಯಿಂದ ಯಾರೋ ಕರೆದರು. ಮಾಲಕರ ಹೆಂಡತಿ. “ಅಕ್ಕೋರೆ, ಗುರ್ತು ಸಿಕ್ತೇ? ಮಗ್ಗಿ ತಪ್ಪಿದ್ದಕ್ಕೆ ನಿಮ್ಮ ಕೈಲಿ ಪೆಟ್ಟು ತಿಂದವ್ಳು ನಾ.” ಸೆರಗಿನ ಗಂಟು ಬಿಚ್ಚಿ ಇಪ್ಪತ್ತೈದು ಎಣಿಸಿ ಕೊಟ್ಟರು. ಅಕ್ಕೋರು ಅಲ್ಲಿಯೂ ಬಿಡಲಿಲ್ಲ. “ಯಜಮಾನ್ರಿಗೆ ತಿಳಿಸ್ತ್ಯೋ?” ಎಂದು ಕೇಳಿದರು. “ಈಗ್ಲೇ ಹೋಗಿ ಹೇಳ್ತೆ. ಹೆದ್ರಿಕೆ ಎಂತದು?” ಎಂದಾಗ ಮಾತ್ರ ಚೀಲ ತೆರೆದರು.

ಉಳಿದ ದಿನಗಳಲ್ಲಿ ಅವರು ಕುಮಟೆಯ ಹತ್ತಿರದ ಬಾಡದಿಂದ ಭಟ್ಕಳದವರೆಗೆ ಹೇಗೆ ತಿರುಗಿದರೋ ನಾನು ಹಿಂದೆ ಹೋಗಲಿಲ್ಲ. ಹೇಳಿದ ದಿನ ಬೆಳಿಗ್ಗೆ ನಾನು ಗರಗಸದವರನ್ನು ಕರೆದುಕೊಂಡೇ ಕಾಸರಕೋಡಿಗೆ ಹೋದೆ. ಪಡುವಣದಲ್ಲಿ ಆಕಾಶ ಕಪ್ಪಾಗಿತ್ತು. ಅಕ್ಕೋರು ನನಗಿಂತ ಮೊದಲೇ ಬಂದು ಮಚವೆಯ ನೆರಳಿನಲ್ಲಿ ಕೂತಿದ್ದರು. ಗಂಟು ಬಿಚ್ಚಿ ಮುಂದಿಟ್ಟರು. ಬಹಳ ಪಾಲು ಚಿಲ್ಲರೆ, ಕೆಲವು ನಾಣ್ಯಗಳಲ್ಲಿ ಮೀನಿನ ವಾಸನೆ. ಎಣಿಸಿದೆ. ಸರಿಯಾಗಿತ್ತು. ಗರಗಸದವರಿಗೆ ಆ ದಿನದ ಕೂಲಿ ನಾನು ಕೈಯಿಂದ ಕೊಡಬೇಕಾಯಿತು.

ಇನ್ನು ನನ್ನ ಜವಾಬ್ದಾರಿ ಮುಗಿಯಿತೆಂದು ಹೊರಟವನು ನಿಂತೆ. ಕುತೂಹಲಕ್ಕೆ, ಬೇರೆ ಏನಕ್ಕೂ ಅಲ್ಲ. ಆಗ ಹೊಳೆಗೆ ಸೇತುವೆಯಿಲ್ಲ. ಮಚವೆಯನ್ನು ಉಬ್ಬರ ಬಂದಾಗ ಭರತದ ನೀರಿಗೆ ಇಳಿಸಿ, ಅಗಲವಾದ ಹೊಳೆಬಾಯಿ ದಾಟಿಸಿ, ಹೊನ್ನಾವರದ ಬಂದರದಿಂದ ಗೋದಾಮಿನ ಅಂಗಳಕ್ಕೆ ದಿಬ್ಬದ ಮೇಲೆ ಎಳೆಯಬೇಕು. ಕೂಲಿಯವರನ್ನು ಕೇಳಿದರೆ, ಆ ಮೋಡ ನೋಡಿ, ಮಚವೆಯ ಬೆಲೆಯ ಅರ್ಧ ಕೇಳುತ್ತಿದ್ದರು. ಅಕ್ಕೋರ ಗಂಟಿನಲ್ಲಿ ಉಳಿದದ್ದು ಬರಿ ಬಟ್ಟೆ.

ಜನ ಬಂದರು. ಮೊದಲು ಮಾವಿನಕುರ್ವೆಯ ದೋಣಿಗಳು, ಮುಂದೆ ತಾಂಡೇಲ. ಅವನು ಯಾರನ್ನೂ ಮಾತಾಡಿಸದೆ ಮಚವೆಯ ಸುತ್ತ ಒಂದು ಸಲ ನಡೆದು ಬಿರುಕುಗಳಿಗೆ ಬಟ್ಟೆ ತುರುಕಿಸಿದ. ನಾಲ್ಕಾಣೆ ಕೊಟ್ಟ ಹೆಂಗಸರು ಬುಟ್ಟಿಗಳನ್ನು ಒಂದು ಕಡೆ ಕವುಚಿಟ್ಟು ಸೀರೆ ಕಚ್ಚೆ ಬಿಗಿದರು. ಭಟ್ಕಳದ ಬಸ್ಸಿನಿಂದ ಬೀಬಿಯ ಮೊಮ್ಮಗ, ಬಿಳಿ ಅಂಗಿಯವನು, ಇಳಿದು ಬಂದ. ತೋಟದ ಮನೆಯ ಗಂಡ ಹೆಂಡತಿ ಬಂದರು. ಆ ತಾಯಿ ಮಚವೆ ನೋಡಿ, “ಇಷ್ಟು ದೊಡ್ಡದಿದ್ದು ಹೇಳಿ ಮೊದ್ಲೇ ಹೇಳುಲಾಗ್ತಿತ್ತಿಲ್ಯಾ?” ಎಂದು ಗಂಡನಿಗೆ ಗದರಿಸಿದರು. ಕುಮಟೆಯಿಂದ ಗಿರಣಿಯ ಒಡತಿ ಒಬ್ಬರೇ ಬಂದರು. ಮಾಲಕರು ಆ ದಿನವೂ ಬರಲಿಲ್ಲ, ಸಾಯುವವರೆಗೂ ಮ್ಯೂಸಿಯಮ್ಮಿನ ಬಾಗಿಲು ತುಳಿಯಲಿಲ್ಲ.

ಮಚವೆ ನೀರಿಗಿಳಿಯಿತು. ಎರಡು ಮೀನುದೋಣಿಗಳು ಹಗ್ಗ ಕಟ್ಟಿ ಎಳೆದವು, ಒಳಗೆ ನಿಂತವರು ಡಬ್ಬಿಗಳಿಂದ ನೀರು ಗೋರಿ ಹೊರಗೆ ಚೆಲ್ಲುತ್ತಲೇ ಇದ್ದರು. ನಾನು ಲಾಂಚಿನಲ್ಲಿ ಹಿಂದಿನಿಂದ ಬಂದೆ. ಬಂದರದ ದಿಬ್ಬದಲ್ಲಿ ಕಷ್ಟ ಶುರುವಾಯಿತು. ಕೆಳಗೆ ಹಾಕಿದ ತೆಂಗಿನ ಕೊರಡುಗಳು ಒದ್ದೆ ಮಣ್ಣಿಗೆ ಹೂತುಹೋದವು. ತಾಂಡೇಲ ಕೂಗು ಹಾಕಿದ, ಎಲ್ಲರೂ ಎಳೆದರು, ಮಚವೆ ಒಂದು ಗೇಣು ಬಂದು ನಿಂತಿತು. ಅಷ್ಟರಲ್ಲಿ ಮಳೆ ಬಿತ್ತು. ಹನಿ ಅಲ್ಲ, ಒಮ್ಮೆಲೇ ಸುರಿದದ್ದು. ಹಗ್ಗ ಜಾರಿತು. ಮಚವೆ ಹಿಂದಕ್ಕೆ, ನೀರಿನ ಕಡೆಗೆ, ಒಂದು ಮಾರು ಸರಿಯಿತು. ಯಾರೋ ಕಿರುಚಿದರು. ಇನ್ನೊಂದು ಮಾರು ಸರಿದಿದ್ದರೆ ಹೊಳೆ ಅದನ್ನು ಹಿಡಿದುಕೊಳ್ಳುತ್ತಿತ್ತು.

ನಾನು ವಖಾರಿಯ ಗೋಡೆಯ ಹತ್ತಿರ ಕೊಡೆ ಬಿಡಿಸಿ ನಿಂತಿದ್ದೆ. ಅಕ್ಕೋರು ತೊಯ್ದು ತೊಪ್ಪೆಯಾಗಿ ನನ್ನ ಮುಂದೆ ಬಂದು ನಿಂತರು. ಕೈ ಚಾಚಿದರು.

“ಸಾವ್ಕಾರ್ರೆ, ನಿಮ್ಮ ಕೊಡೆ ನಾ ಹಿಡ್ಕಂತೆ.”

ಅಷ್ಟೇ. ಆಮೇಲೆ ಸುಮ್ಮನಾದರು. ಆ ಸುಮ್ಮನಿರುವುದರ ಎದುರಿಗೆ ನಿಂತು ನೋಡಿದರೇ ಗೊತ್ತಾಗುವುದು. ಕೊಡೆ ಕೊಟ್ಟೆ. ಹಗ್ಗದಲ್ಲಿ ಬೀಬಿಯ ಮೊಮ್ಮಗನ ಹಿಂದೆ, ಒಬ್ಬ ಮೀನಿನವಳ ಮುಂದೆ ಜಾಗ ಸಿಕ್ಕಿತು. “ಸಾವ್ಕಾರ್ರು ಬಂದ್ರು ಕಾಣಿ, ಇನ್ನು ತೂಕ ಹೆಚ್ಚಾತು” ಎಂದು ಅವಳು ಹಿಂದಿನಿಂದ ನಗಿಸಿದಳು. ಮುಂದೆ ಇದ್ದವರೆಲ್ಲ ಹೆಂಗಸರು ಗಂಡಸರು ಎನ್ನದೆ ಹಿಮ್ಮಡಿಯನ್ನು ಮಣ್ಣಿಗೆ ಚುಚ್ಚಿದರು. ತಾಂಡೇಲ ಕೂಗಿದ. ಮಚವೆ ಬಂತು. ದಿಬ್ಬ ಹತ್ತಿತು. ಅಂಗಳಕ್ಕೆ ಬಂದು, ಹಾಕಿಟ್ಟಿದ್ದ ಚಪ್ಪರದ ಕೆಳಗೆ ನಿಂತಿತು.

ಕೂಲಿಯವರು ಆಗಿದ್ದರೆ ಹಗ್ಗ ಜಾರಿದ ಕೂಡಲೇ ಬಿಟ್ಟು ಹೋಗುತ್ತಿದ್ದರು. ಅದರಲ್ಲಿ ಅವರ ತಪ್ಪೇನೂ ಇರುತ್ತಿರಲಿಲ್ಲ. ಗಿರಣಿ ಮಾಲಕರ ಕಟ್ಟು ಬಂದಿದ್ದರೆ ನಾವು ತಂದಿರುತ್ತಿದ್ದದ್ದು ಕೂಲಿಯವರನ್ನೇ.

ಆಮೇಲೆ ಒಂದು ವಾರ ಬಿಟ್ಟು ಅಕ್ಕೋರು ನನ್ನ ಮನೆಗೆ ಬಂದರು. ಹಣ ಕೇಳಲಿಲ್ಲ. ನನ್ನ ಹೆಂಡತಿಯ ಸಂಗಡ ಉಪ್ಪಿನಕಾಯಿಯ ಮಾತಾಡಿ, ಕಪ್ಪಿ ತೋರಿಸಿ ಹೋದರು. ಎರಡನೆಯ ಸಲ ಬಂದಾಗ ಎಷ್ಟು ಕೇಳಿದರು, ಎಷ್ಟು ಕೊಟ್ಟೆವು ಎಂದು ಬರೆಯುವುದಿಲ್ಲ. ಎಪ್ಪತ್ತು ರೂಪಾಯಿ ಬಿಟ್ಟುಕೊಟ್ಟಿದ್ದರೆ ಮುಗಿಯುತ್ತಿದ್ದ ವ್ಯವಹಾರ ನನಗೆ ಅದರ ಎಷ್ಟೋ ಪಟ್ಟು ಬಿತ್ತು, ಮತ್ತೆ ಪ್ರತಿವರ್ಷ ಬೀಳುತ್ತಾ ಹೋಯಿತು ಎಂದಷ್ಟು ತಿಳಿದರೆ ಸಾಕು. ಬೇಸಿಗೆ ಬಂದಾಗ ಮಚವೆಗೆ ಮೀನೆಣ್ಣೆ ಹಚ್ಚುವ ದಿನ ಅದೇ ಜನ ಸೇರುತ್ತಿದ್ದರು. ಒಂದೊಂದು ವರ್ಷ ಒಬ್ಬೊಬ್ಬರು ಕಡಿಮೆಯಾದರು, ಅವರ ಮಕ್ಕಳು ಬಂದರು. ಈ ವರ್ಷ ಎಣ್ಣೆ ಹಚ್ಚುವಾಗ ಅಕ್ಕೋರು ಇರಲಿಲ್ಲ. ಜನ ಇದ್ದರು.

ಓದುವವರಲ್ಲಿ ಯಾರಾದರೂ ಇಂಥ ಕೆಲಸಕ್ಕೆ ಚಂದಾ ಎತ್ತುವವರಿದ್ದರೆ, ಅನುಭವದಿಂದ ಹೇಳುತ್ತೇನೆ, ಕೇಳಿ. ಸಭೆ ಕರೆದು ಕೇಳಬೇಡಿ, ಒಬ್ಬೊಬ್ಬರ ಮನೆಗೆ ಹೋಗಿ. ಬರಿಗೈಯಲ್ಲಿ ಹೋಗಬೇಡಿ, ಯಾವುದಕ್ಕೆ ಕೇಳುತ್ತೀರೋ ಅದರ ಒಂದು ಚೂರನ್ನು ಅವರ ಕೈಗೆ ಕೊಡಿ. ಮೊದಲ ದಿನದ ಹಣ ಮುಟ್ಟಬೇಡಿ. ಮೊತ್ತ ಹೇಳಿ, ಹೇಳಿದ ಮೇಲೆ ಬಾಯಿ ಮುಚ್ಚಿ. ಅಂಗಡಿಯವನು ರಿಯಾಯಿತಿ ಕೊಡುತ್ತೇನೆ ಎಂದರೆ ಬೇಡವೆನ್ನಿ, ಅವನ ಹತ್ತಿರ ಅದಕ್ಕಿಂತ ಹೆಚ್ಚಿದೆ. ಒಬ್ಬನೇ ಎಲ್ಲ ಕೊಡುತ್ತೇನೆ ಎಂದು ಬಂದರೆ ಚಹಾ ಪೂರ್ತಿ ಕುಡಿಯಿರಿ, ಅವನ ಪಾಲಿನದಷ್ಟನ್ನೇ ಕೇಳಿ ಎದ್ದು ಬನ್ನಿ.

ನೀವು ಕೊಡುವವರಾದರೆ, ಮನೆಯಲ್ಲಿ ಕೇಳಿ ಕೊಡಿ. ಕಡಿಮೆ ಕೊಟ್ಟರೂ ಅಡ್ಡಿಯಿಲ್ಲ, ಎಳೆಯುವ ದಿನ ಮಾತ್ರ ತಪ್ಪಿಸಬೇಡಿ. ಬೆಳಿಗ್ಗೆ ಹೊಟ್ಟೆ ತುಂಬ ಗಂಜಿ ಉಂಡು ಹೊರಡಿ. ಚಪ್ಪಲಿ ದಡದಲ್ಲೇ ಬಿಡಿ, ಬರಿಗಾಲಿಗೇ ಹಿಡಿತ ಸಿಗುವುದು. ಒದ್ದೆ ಹಗ್ಗ ಅಂಗೈ ಸುಲಿಯುತ್ತದೆ, ಹಳೆಯ ಪಂಚೆಯ ಎರಡು ತುಂಡು ಒಯ್ಯಿರಿ. ಒಂದು ನಿಮಗೆ, ಇನ್ನೊಂದು ನಿಮ್ಮ ಮುಂದೆ ನಿಂತವರಿಗೆ.